ಹದಿನಾಲ್ಕನೇ ಸಾಲಿನ ಖಾಲಿ ಸೀಟು

ನವೆಂಬರ್ 4, ಮಂಗಳವಾರ

ಇವತ್ತೂ ಪಕ್ಕದ ಸೀಟು ಖಾಲಿಯೇ ಇತ್ತು.

ಬರೆದಿಡುತ್ತಿದ್ದೇನೆ. ಎದೆ ಡವಡವ ಎನ್ನುತ್ತದೆ ಎಂದು ತೋರಿಸಲು ಹೋದರೆ ಡಾಕ್ಟರು, "ತಲೆಯಲ್ಲಿ ಓಡೋದನ್ನ ಕಾಗದದ ಮೇಲೆ ಓಡಿಸಪ್ಪ, ಅಲ್ಲಾದ್ರೂ ಸುಸ್ತಾಗಿ ನಿಲ್ಲುತ್ತೆ" ಎಂದರು. ಹೇಗೆ ಬರೆದರೂ ಓದುವವನು ನಾನೊಬ್ಬನೇ. ಆರನೇ ಕ್ಲಾಸನ್ನು ಎರಡು ಶಾಲೆಗಳಲ್ಲಿ ಅರ್ಧರ್ಧ ಓದಿದವನು ನಾನು. ಎರಡು ಅರ್ಧ ಸೇರಿದರೆ ಒಂದು ಎಂದು ಯಾವ ಮೇಷ್ಟರೂ ಒಪ್ಪಲಿಲ್ಲ.

ಸಿಮೆಂಟ್ ಕಾರ್ಖಾನೆಯಲ್ಲಿ ಬೆಲ್ಟು ಜೋಡಿಸಿ ಮುಗಿಸಿ ನೇರ ವಿಮಾನಕ್ಕೆ ಬಂದಿದ್ದೆ. ಕಲ್ಲು ಹೊತ್ತು ಸಾಗಿಸುವ ಅಗಲವಾದ ರಬ್ಬರ್ ಬೆಲ್ಟು ಹರಿಯಿತೆಂದರೆ ಇಡೀ ಕಾರ್ಖಾನೆ ಕೈಕಟ್ಟಿ ಕೂರುತ್ತದೆ. ಆಗ ನಮಗೆ ಕರೆ ಬರುತ್ತದೆ. ಹರಿದ ತುದಿಗಳ ಪದರ ಬಿಡಿಸಿ, ಅಂಟು ಬಳಿದು, ಒಂದರ ಮೇಲೊಂದು ಕೂರಿಸಿ, ಕಾದ ತಟ್ಟೆಗಳ ನಡುವೆ ಒತ್ತಿ ಬೇಯಿಸಬೇಕು. ಬೆಲ್ಟಿನ ಜೊತೆ ನಾವೂ ಬೇಯುತ್ತೇವೆ. ಆ ಅಂಟಿನ, ಸುಟ್ಟ ರಬ್ಬರಿನ ವಾಸನೆ ಉಗುರಿನ ಸಂದಿಯಲ್ಲಿ, ಕೂದಲಿನಲ್ಲಿ, ಕಿವಿಯ ಹಿಂದೆ ಹೋಗಿ ಕೂರುತ್ತದೆ. ಎಷ್ಟು ಉಜ್ಜಿದರೂ ಸೋಪಿನ ವಾಸನೆ ಹೋಗುತ್ತದೆಯೇ ಹೊರತು ಅದು ಹೋಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಮ್ಮೆ ಹೀಗಾಗಿತ್ತು. ನನ್ನ ಪಕ್ಕ ಕೂತಿದ್ದ ಬಿಳಿ ಅಂಗಿಯವನು ಮೂಗು ಮುಚ್ಚಿಕೊಂಡು ಗಗನಸಖಿಯನ್ನು ಕರೆದು ಕಿವಿಯಲ್ಲಿ ಏನೋ ಅಂದ. ಅವಳು ಅವನನ್ನು ಏಳಿಸಲಿಲ್ಲ. ನನ್ನ ಕಡೆ ಬಾಗಿ, "ಸರ್, ಹಿಂದೆ ಒಂದು ಸೀಟಿದೆ, ನಿಮಗೆ ಆರಾಮಾಗುತ್ತೆ" ಎಂದಳು. ಶೌಚಾಲಯದ ಬಾಗಿಲಿಗೆ ಅಂಟಿಕೊಂಡ ಸೀಟು ಅದು. ಎದ್ದು ಹೋದೆ. ಹೋದದ್ದಲ್ಲದೆ ಥ್ಯಾಂಕ್ಸ್ ಬೇರೆ ಹೇಳಿದೆ.

ಆಮೇಲೆ ಓಡಾಡಿ ಓಡಾಡಿ ಇದೇ ವಿಮಾನ ಕಂಪನಿಯವರು ಹೆಚ್ಚು ಹಾರುವವರಿಗೆ ಕೊಡುವ ಬಂಗಾರದ ಬಣ್ಣದ ಕಾರ್ಡು ಬಂತು. ಬೇರೆಯವರು ಆ ಕಾರ್ಡು ತೋರಿಸಿ ಮೆತ್ತನೆಯ ಸೋಫಾ ಇರುವ ಕೋಣೆಯಲ್ಲಿ ಕಾಫಿ ಕುಡಿಯುತ್ತಾರೆ. ನಾನು ಆ ಬಾಗಿಲು ದಾಟಿಲ್ಲ, ಒಳಗೆ ಏನಾದರೂ ಕೇಳಿದರೆ? ನನಗೆ ಬೇಕಾದದ್ದು ಒಂದೇ. ವಿಮಾನ ಪೂರ್ತಿ ತುಂಬದಿದ್ದರೆ ಕಾರ್ಡಿನವನ ಪಕ್ಕದ ಸೀಟನ್ನು ಕಂಪ್ಯೂಟರು ಮುಚ್ಚಿಡುತ್ತದೆ. ಯಾರಿಗೂ ಕೊಡುವುದಿಲ್ಲ. ಹದಿನಾಲ್ಕನೇ ಸಾಲು, ಕಿಟಕಿಗೆ ನಾನು, ಪಕ್ಕದಲ್ಲಿ ಗಾಳಿ. ಮೂಗು ಮುರಿಯುವವರಿಲ್ಲ.

ಆ ಜಾಗ ಯಾರೋ ಕೊಟ್ಟ ಭಿಕ್ಷೆಯಲ್ಲ. ನಾನು ದುಡಿದದ್ದು.

ನವೆಂಬರ್ 9, ಭಾನುವಾರ

ವಿಮಾನ ಕಂಪನಿಯಿಂದ ಫೋನಿಗೆ ಸಂದೇಶ ಬಂದಿದೆ. ಎರಡು ಸಲ ಓದಿದೆ, ಮೂರನೇ ಸಲ ಬೆರಳಿಟ್ಟು ಓದಿದೆ. ವರ್ಷ ಮುಗಿಯುವುದರೊಳಗೆ ಇನ್ನೊಂದು ಸಲ ಹೋಗಿ ಬಂದರೆ ಕಾರ್ಡು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೋದದ್ದೂ ಎಣಿಕೆಗೆ ಬರಬೇಕು, ಬಂದದ್ದೂ ಬರಬೇಕು.

ಒಂದೇ ಸಲ ತಾನೇ, ಬೆಲ್ಟು ಹರಿಯದೆ ಇರುತ್ತದೆಯೇ ಎಂದುಕೊಂಡೆ. ಹರಿಯದಿದ್ದರೆ? ಹರಿದದ್ದು ಲಾರಿಯಲ್ಲಿ ಹೋಗುವಷ್ಟು ಹತ್ತಿರದಲ್ಲಾದರೆ? ವಿಮಾನ ತುಂಬಿದ್ದರೆ? ತುಂಬಿದ್ದರೂ ಎಣಿಕೆಗೆ ಬರುತ್ತದೆ, ಸರಿ. ನನಗೆ ಜ್ವರ ಬಂದರೆ?

ಹೆಂಡತಿ ಕೇಳಿದಳು, "ಏನ್ರೀ ಅದು, ಫೋನನ್ನ ಹಾವು ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರಾ?"

"ಏನಿಲ್ಲ, ಆಫೀಸಿಂದು" ಎಂದೆ.

ನವೆಂಬರ್ 17, ಸೋಮವಾರ

ಗಣಿಯಲ್ಲಿ ಬೆಲ್ಟು ಹರಿದಿದೆ. ಮಾಲೀಕರು ಮೀಸೆಯನ್ನು ಕಳಿಸಿದರು. ಮೀಸೆ ಎಂದರೆ ನನ್ನ ಜೊತೆ ಕೆಲಸಕ್ಕೆ ಸೇರಿದವನೇ. ಆಗ ಇದ್ದ ಮೀಸೆ ಈಗಿಲ್ಲ, ಹೆಸರು ಮಾತ್ರ ಉಳಿದಿದೆ. ನನ್ನನ್ನು ಬಿಟ್ಟು ಅವನನ್ನು ಕಳಿಸಿದ್ದು ಇದು ಸಾಲಾಗಿ ಎರಡನೇ ಸಲ.

ಧೈರ್ಯ ಮಾಡಿ ಮಾಲೀಕರ ಕೋಣೆಗೆ ಹೋದೆ. "ನನ್ನನ್ನ ಯಾಕೆ ಕಳಿಸಲಿಲ್ಲ ಸಾರ್?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನಯ್ಯಾ, ವಿಮಾನ ಅಂದ್ರೆ ಜೀವ ಬಾಯಿಗೆ ಬರುತ್ತೆ ಅಂತ ಹತ್ತು ವರ್ಷದಿಂದ ನನ್ನ ಪ್ರಾಣ ತಿಂದವನು ನೀನೇ ತಾನೆ? ರೆಕ್ಕೆ ಅಲ್ಲಾಡುತ್ತೆ, ಶಬ್ದ ಬದಲಾಗುತ್ತೆ ಅಂತೆಲ್ಲಾ? ಪಾಪ ಅಂತ ಬಿಡುವು ಕೊಟ್ಟರೆ ಜಗಳಕ್ಕೆ ಬರ್ತೀಯಲ್ಲಾ!"

ಏನು ಹೇಳಲಿ? ಪಕ್ಕದ ಖಾಲಿ ಸೀಟಿಗಾಗಿ ಹಾರಬೇಕು ಎಂದರೆ ಹುಚ್ಚಾಸ್ಪತ್ರೆಗೆ ಬರೆದುಕೊಡುತ್ತಾರೆ. "ಈಗ ಧೈರ್ಯ ಬಂದಿದೆ ಸಾರ್" ಎಂದೆ. ಅವರು ನಕ್ಕರು.

ನಗಲಿ. ಕಾರ್ಡು ಬಿಡುವವನು ನಾನಲ್ಲ.

ನವೆಂಬರ್ 28, ಶುಕ್ರವಾರ

ಆಮೇಲೆ ಎಲ್ಲೂ ಬೆಲ್ಟು ಹರಿಯಲಿಲ್ಲ. ಹರಿಯಲಿ ಎಂದು ಬೇಡಿಕೊಳ್ಳುವುದು ಪಾಪವೇ? ಬೇಡಿಕೊಂಡೆ. ಆಮೇಲೆ, ಯಾರಿಗೂ ಏಟಾಗದ ಹಾಗೆ ಹರಿಯಲಿ ಎಂದು ತಿದ್ದಿ ಬೇಡಿಕೊಂಡೆ.

ಡಿಸೆಂಬರ್ 3, ಬುಧವಾರ

ಮಾಡಿಬಿಟ್ಟೆ.

ಟಿಕೆಟ್ ಅಂಗಡಿಯವನ ಹತ್ತಿರ ಹೋಗಿ ನನ್ನ ಸ್ವಂತ ದುಡ್ಡಿನಲ್ಲಿ, ಆ ಬಂಗಾರದ ಕಾರ್ಡಿನ ನಂಬರು ಹಾಕಿಸಿ, ಹೋಗಿ ಬರುವ ಟಿಕೆಟ್ ಮಾಡಿಸಿದೆ. "ಎಲ್ಲಿಗೆ?" ಎಂದ. ಅದನ್ನು ಯೋಚಿಸಿರಲಿಲ್ಲ. ಗೋಡೆಯ ಮೇಲೆ ಬರೆದಿದ್ದ ಊರುಗಳಲ್ಲಿ ಒಂದು ಕಣ್ಣಿಗೆ ಬಿತ್ತು: ಹೆಂಡತಿಯ ಅಕ್ಕ ಇರುವ ಊರು. ಅದನ್ನೇ ಹೇಳಿದೆ. ಬೀದಿಗೆ ಬಂದ ಮೇಲೆ ಯೋಚನೆ ಹತ್ತಿತು. ಕೆಲಸವಿಲ್ಲದೆ ಹಾರಿ, ಅಲ್ಲಿ ಒಂದು ಬೆಂಚಿನ ಮೇಲೆ ಕೂತು ವಾಪಸ್ಸು ಹಾರುವುದೇ? ಮನೆಯಲ್ಲಿ ಏನು ಹೇಳುವುದು? ಪೇಟೆಯನ್ನು ಒಂದು ಸುತ್ತು ಹಾಕಿ ಮತ್ತೆ ಅಂಗಡಿಗೆ ಹೋಗಿ ಹೆಂಡತಿಗೂ ಅದೇ ವಿಮಾನಕ್ಕೆ ಬೇರೆ ಟಿಕೆಟ್ ಮಾಡಿಸಿದೆ.

ಮನೆಗೆ ಬಂದು, "ನಿನ್ನ ಅಕ್ಕನ್ನ ನೋಡ್ಕೊಂಡು ಬರೋಣ್ವಾ? ವಿಮಾನದಲ್ಲಿ" ಎಂದೆ.

ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನಾನಾ? ವಿಮಾನದಲ್ಲಾ?" ಎಂದು ಒಳಗೆ ಹೋದಳು. ನೋಡಿದರೆ ಮಂಚದ ಕೆಳಗಿನ ಸೂಟ್‌ಕೇಸು ಎಳೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಳೆ. ಹೊರಡುವುದಕ್ಕೆ ಇನ್ನೂ ಎರಡು ವಾರವಿದೆ.

ಡಿಸೆಂಬರ್ 10, ಬುಧವಾರ

ಬೀದಿಗೆಲ್ಲಾ ಹೇಳಿದ್ದಾಳೆ. ಎದುರು ಮನೆಯ ದರ್ಜಿ, "ಏನ್ ಸಾಹೇಬ್ರೇ, ಮನೆಯವರನ್ನ ಹಾರಿಸ್ತಿದೀರಂತೆ" ಎಂದ. ಅವಳಿಗೆ ಹೊಸ ರವಿಕೆ ಹೊಲಿಯುತ್ತಿದ್ದಾನೆ.

ತಪ್ಪೇನಿದೆ? ಅವಳಿಗೆ ಅಕ್ಕ ಸಿಗುತ್ತಾಳೆ, ನನಗೆ ಕಾರ್ಡು ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಕಿಟಕಿ ಪಕ್ಕ ನನಗೆ ಕೊಡ್ತೀರಾ? ನೀವು ಎಷ್ಟೋ ಸಲ ನೋಡಿದೀರಲ್ಲ."

ಕೊಡುತ್ತೇನೆ ಎಂದೆ. ಆಮೇಲೆ ಹೊಳೆಯಿತು. ಅವಳು ಎಲ್ಲಿ ಕೂರುತ್ತಾಳೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹದಿನಾಲ್ಕನೇ ಸಾಲನ್ನು ನೆನೆದರೆ ನನಗೆ ಕಾಣುವುದು ಕಿಟಕಿ, ನಾನು, ಖಾಲಿ ಸೀಟು. ಇರಲಿ. ಅಲ್ಲಿ ಹೋದ ಮೇಲೆ ಹೇಗೋ ಆಗುತ್ತದೆ.

ಡಿಸೆಂಬರ್ 18, ಗುರುವಾರ

ಷಡ್ಡಕನ ಮನೆಯ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಹೆಂಡತಿ ಒಳಗೆ ಅಕ್ಕನ ಜೊತೆ ಮಲಗಿದ್ದಾಳೆ. ನನ್ನ ಜೊತೆ ಮಾತಿಲ್ಲ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಒಳ್ಳೆಯವಳೇ. ಒಳ್ಳೆಯವಳಾದದ್ದೇ ತೊಂದರೆಯಾಯಿತು. ನನ್ನ ಹೆಸರು ಒತ್ತಿದ ಕೂಡಲೇ ಮುಖ ಅರಳಿಸಿ, "ಅಭಿನಂದನೆ ಸರ್! ಈ ಸಲ ಹೋಗಿ ಬಂದ್ರೆ ನಿಮ್ಮ ಕಾರ್ಡು ಮುಂದಿನ ವರ್ಷಕ್ಕೂ ಉಳಿಯುತ್ತೆ. ಇದೊಂದೇ ಕಮ್ಮಿ ಇತ್ತು" ಎಂದಳು.

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ತೂಕದ ಯಂತ್ರದ ಕಡೆ ತಿರುಗಿದೆ.

"ಇವರನ್ನ ನನ್ನ ಪಕ್ಕ ಹಾಕಮ್ಮ" ಎಂದೆ.

ಹುಡುಗಿ ಒತ್ತಿದಳು, ಮತ್ತೆ ಒತ್ತಿದಳು. "ಆಗ್ತಿಲ್ಲ ಸರ್. ನಿಮ್ಮ ಪಕ್ಕದ ಸೀಟು ನಿಮ್ಮ ಕಾರ್ಡಿನ ಸೌಲಭ್ಯಕ್ಕೆ ಅಂತ ಮುಚ್ಚಿದೆ. ಮೇಡಂದು ಬೇರೆ ಟಿಕೆಟ್ಟು. ಬೇರೆ ಪ್ರಯಾಣಿಕರಿಗೆ ಅದು ತೆರೆಯಲ್ಲ."

"ಬೇರೆ ಪ್ರಯಾಣಿಕರಲ್ಲ, ನನ್ನ ಹೆಂಡತಿ."

"ಕಂಪ್ಯೂಟರಿಗೆ ಅದು ಗೊತ್ತಾಗಲ್ಲ ಸರ್."

"ಪರವಾಗಿಲ್ಲಮ್ಮ" ಎಂದಳು ಹೆಂಡತಿ. "ಗೊತ್ತಾಗದೆ ಇರೋದು ಕಂಪ್ಯೂಟರಿಗೊಂದೇ ಅಲ್ಲ. ಎಲ್ಲಿದ್ರೆ ಅಲ್ಲಿ ಕೊಡು."

ಇಪ್ಪತ್ತಾರನೇ ಸಾಲು ಕೊಟ್ಟರು. ನಡುವಿನ ಸೀಟು. ಹೊಸ ರವಿಕೆ ತೊಟ್ಟು, ಮೊದಲ ಸಲ ವಿಮಾನ ಹತ್ತಿದವಳು, ಎರಡು ಅಪರಿಚಿತ ಭುಜಗಳ ನಡುವೆ ಕೂತಳು. ನಾನು ಹದಿನಾಲ್ಕರಲ್ಲಿ ಕಿಟಕಿಗೆ ಕೂತೆ. ಪಕ್ಕದ ಖಾಲಿ ಸೀಟಿನ ಬೆಲ್ಟನ್ನು ಯಾರೋ ನೀಟಾಗಿ ಅಡ್ಡಕ್ಕೆ ಹಾಕಿಟ್ಟಿದ್ದರು. ಗಾಳಿ ಬಿದ್ದು ಹೋಗದ ಹಾಗೆ!

ವಿಮಾನ ಮೇಲೆದ್ದಾಗ ನನಗೆ ರೆಕ್ಕೆಯ ಚಿಂತೆ ಬರಲಿಲ್ಲ. ಅವಳು ಹೆದರಿದಳೋ ಏನೋ ಎಂಬುದೇ ಚಿಂತೆ. ಬೆಲ್ಟಿನ ದೀಪ ಆರಿದ ಮೇಲೆ ಎದ್ದು ಹಿಂದೆ ಹೋದೆ. ವಿಮಾನದಲ್ಲಿ ನಾನು ಎದ್ದದ್ದು ಇದೇ ಮೊದಲು, ಆ ಬಿಳಿ ಅಂಗಿಯವನ ದಿನ ಬಿಟ್ಟರೆ.

"ಬಾ, ಮುಂದೆ ಜಾಗ ಇದೆ. ಖಾಲಿ ಇದೆ" ಎಂದು ಮೆಲ್ಲಗೆ ಕರೆದೆ.

ಅವಳು ಮೆಲ್ಲಗೆ ಮಾತಾಡಲಿಲ್ಲ. "ಖಾಲಿ ಇದ್ರೆ ಖಾಲಿಯಾಗೇ ಇರಲಿ. ಅದಕ್ಕೆ ತಾನೇ ಇಷ್ಟೆಲ್ಲಾ ಒದ್ದಾಡಿದ್ದು? ಖಾಲಿ ಸೀಟಿನಲ್ಲಿ ಕದ್ದು ಕೂರೋಕೆ ನಾನೇನು ಟಿಕೆಟ್ಟಿಲ್ಲದೆ ಬಂದಿಲ್ಲ. ನನ್ನ ಹೆಸರು ಬರೆದ ಸೀಟು ಇದು."

ಅವಳ ಅಕ್ಕಪಕ್ಕದವರು ಇಬ್ಬರೂ ನನ್ನನ್ನು ನೋಡಿದರು. ವಾಪಸ್ಸು ಬಂದು ಕೂತೆ. ಕಿಟಕಿಯ ಹೊರಗೆ ಮೋಡ ತುಂಬಾ ಚೆನ್ನಾಗಿತ್ತು. ಯಾಕಾದರೂ ಚೆನ್ನಾಗಿತ್ತೋ.

ಡಿಸೆಂಬರ್ 19, ಶುಕ್ರವಾರ

ಅಕ್ಕನಿಗೆ ಎಲ್ಲಾ ಹೇಳಿದ್ದಾಳೆ. ಅಕ್ಕ ಗಂಡನಿಗೆ ಹೇಳಿದ್ದಾಳೆ. ನನ್ನ ಷಡ್ಡಕ ವಿಮಾ ಕಚೇರಿಯ ಗುಮಾಸ್ತ. ಒಂದು ಮಾತು ಸಿಕ್ಕರೆ ಅದನ್ನು ವರ್ಷಗಟ್ಟಲೆ ಬಳಸುವ ಮನುಷ್ಯ.

"ಏನಪ್ಪಾ, ಗಾಳಿಗೆ ಪಕ್ಕದಲ್ಲಿ ಸೀಟು, ಹೆಂಡ್ತಿಗೆ ಹಿಂದುಗಡೆ ಅಂತೆ! ನಮ್ಮ ಕಚೇರಿಯಲ್ಲಿ ಗಾಳಿಗೂ ವಿಮೆ ಮಾಡಿಸಬಹುದು, ಬೇಕಾ?"

ಬೇರೆ ದಿನವಾಗಿದ್ದರೆ ಹಲ್ಲು ಕಿರಿದು ಸುಮ್ಮನಾಗುತ್ತಿದ್ದೆ. ಇವತ್ತು, "ನೀವು ಆ ಸೀಟು ಸಂಪಾದಿಸಿ ತೋರಿಸಿ, ಆಮೇಲೆ ಮಾತಾಡಿ" ಎಂದೆ. ಅವರು ಟಿ.ವಿ. ಹಾಕಿದರು.

ಸಂಪಾದಿಸಿದ್ದೇನೆ. ಹೌದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇನ್ನೊಂದೇ ಹಾರಾಟ, ವರ್ಷವಿಡೀ ನನ್ನದು.

ಆದರೂ ಊಟ ಸೇರಲಿಲ್ಲ.

ಡಿಸೆಂಬರ್ 20, ಶನಿವಾರ

ಸಂಜೆ ಅವಳು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೋಗಿ ಕ್ಲಿಪ್ಪುಗಳನ್ನು ಬಿಡಿಸತೊಡಗಿದೆ.

ಬಿಳಿ ಅಂಗಿಯವನ ವಿಷಯ ಹೇಳಿದೆ. ಅದನ್ನು ಇಲ್ಲಿ ಬರೆದದ್ದು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹಿಂದಿನ ಸೀಟು, ಶೌಚಾಲಯದ ಬಾಗಿಲು, ಥ್ಯಾಂಕ್ಸ್ ಹೇಳಿದ್ದು, ಎಲ್ಲಾ.

ಅವಳು ಒಂದು ದುಪ್ಪಟಿಯನ್ನು ಹಿಡಿದುಕೊಂಡು ನಿಂತಳು. "ಅವನು ಯಾರು?"

"ಯಾರಿಗೆ ಗೊತ್ತು."

"ಯಾರೋ ಗೊತ್ತಿಲ್ಲದವನು ಮೂಗು ಮುಚ್ಚಿಕೊಂಡ ಅಂತ ನನ್ನನ್ನ ಇಪ್ಪತ್ತಾರನೇ ಸಾಲಿಗೆ ಕಳಿಸಿದ್ರಾ?"

"ನಿನಗೆ ವಾಸನೆ ಬರಲ್ವಾ?" ಎಂದು ಕೇಳಿದೆ. ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ಬರದೆ ಏನು? ನನಗೇನು ಮೂಗಿಲ್ವಾ? ಬಾಗಿಲು ತೆಗೆಯೋ ಮೊದಲೇ ಬರುತ್ತೆ. ಬಂದ್ರೆ ನೀವು ಬಂದ್ರಿ ಅಂತ ಗೊತ್ತಾಗುತ್ತೆ, ಅನ್ನಕ್ಕಿಡ್ತೀನಿ. ಅಷ್ಟೇ. ಇದನ್ನ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಡಾಕ್ಟರ ಹತ್ರ ಎದೆ ತೋರಿಸ್ತಿದ್ರಾ?" ದುಪ್ಪಟಿಯ ಎರಡು ತುದಿ ನನ್ನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ ಸರಿಯಾಗಿ. ಆದ್ರೂ ನಾನು ನಿಮ್ಮ ಖಾಲಿ ಸೀಟಿನಲ್ಲಿ ಕೂರಲ್ಲ. ಅದು ಯಾರೂ ಬರಬಾರದು ಅಂತ ಇಟ್ಟಿರೋ ಜಾಗ. ನನ್ನ ಹೆಸರಿಗೆ ಕೊಟ್ರೆ ಕೂರ್ತೀನಿ."

ದುಪ್ಪಟಿ ಮಡಿಸಿದೆವು.

ಡಿಸೆಂಬರ್ 21, ಭಾನುವಾರ

ಮನೆ ಸೇರಿದೆವು. ಮಲಗುವ ಮೊದಲು ಬರೆದಿಡುತ್ತೇನೆ.

ಅಕ್ಕನ ಊರಿನ ಕೌಂಟರಿನಲ್ಲಿದ್ದವನು ಆ ಹುಡುಗಿಯಂತಲ್ಲ, ನಿದ್ದೆಗಣ್ಣಿನ ಗಂಡಸು. ಅದೇ ಮಾತು ಹೇಳಿದ: ಸೌಲಭ್ಯ, ಮುಚ್ಚಿದೆ, ತೆರೆಯಲ್ಲ. "ಒಳಗೆ ಹೋದ ಮೇಲೆ ಅವರನ್ನ ಕರ್ಕೊಂಡು ಕೂರಿಸ್ಕೊಳ್ಳಿ ಸರ್, ಯಾರೂ ಕೇಳಲ್ಲ."

"ಯಾರೂ ಕೇಳಲ್ಲ ಅಂತ ಕೂರೋದಲ್ಲ" ಎಂದೆ. "ಅವರ ಚೀಟಿಯಲ್ಲಿ ಹದಿನಾಲ್ಕು ಅಂತ ಬರೆದು ಕೊಡಿ."

"ಆಗಲ್ಲ ಸರ್."

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಗೊಣಗಿದರು. ಸಾಲಿನಲ್ಲಿ ಯಾರಾದರೂ ಗೊಣಗಿದರೆ ಸಾಕು, ನಾನು ನನ್ನದಲ್ಲದ ತಪ್ಪಿಗೂ ಪಕ್ಕಕ್ಕೆ ಸರಿಯುವವನು. ಇವತ್ತು ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟೆ.

"ಆ ಸೀಟು ಯಾರದು?"

"ನಿಮ್ಮ ಸೌಲಭ್ಯದ್ದು."

"ನನ್ನದು ತಾನೆ? ನನ್ನದಾದ್ರೆ ನಾನು ಹೇಳಿದವರಿಗೆ ಕೊಡಿ. ನನ್ನದಲ್ಲದಿದ್ರೆ ನನ್ನ ಹೆಸರಲ್ಲಿ ಯಾಕೆ ಮುಚ್ಚಿಟ್ಟಿದೀರಿ? ಇವರನ್ನ ಹೊರಗಿಡೋಕೆ ನಾನು ಯಾವತ್ತು ಹೇಳಿದ್ದೆ?" ಗಂಟಲು ನನ್ನದೇ, ಧ್ವನಿ ಯಾರದೋ ಎನ್ನಿಸಿತು. "ಆಗಲ್ಲ ಅಂದವರು ಯಾರು? ಕರೀರಿ ಅವರನ್ನ. ಕಂಪ್ಯೂಟರ್ ಆದ್ರೂ ಸರಿ, ಕರೀರಿ."

ಅವನ ನಿದ್ದೆ ಹೋಯಿತು. ಕಂಪ್ಯೂಟರಿನ ತೆರೆಯನ್ನು ನೋಡಿದ, ಪಕ್ಕದವಳನ್ನು ಕೇಳಿದ, ಮತ್ತೆ ತೆರೆಯನ್ನು ನೋಡಿದ. "ಒಂದು ದಾರಿ ಇದೆ ಸರ್. ಈ ಟಿಕೆಟ್ಟಿಂದ ನಿಮ್ಮ ಕಾರ್ಡಿನ ನಂಬರು ತೆಗೆದುಹಾಕಿದ್ರೆ ಪಕ್ಕದ ಸೀಟು ತೆರೆಯುತ್ತೆ. ಆದ್ರೆ ಆಗ ಈ ಹಾರಾಟ ನಿಮ್ಮ ಎಣಿಕೆಗೆ ಬರಲ್ಲ. ಇದೊಂದು ಬರದಿದ್ರೆ..." ಅವನಿಗೇ ಸಂಕಟವಾಯಿತು. "ಕಾರ್ಡೇ ಹೋಗುತ್ತೆ ಸರ್. ಇದೊಂದೇ ಬಾಕಿ. ಯೋಚನೆ ಮಾಡಿ."

ಹೆಂಡತಿ ನನ್ನ ತೋಳು ಜಗ್ಗಿದಳು. "ಬೇಡ ಕಣ್ರೀ. ನಾನೇನೋ ಕೋಪದಲ್ಲಿ ಅಂದೆ. ಎರಡು ತಾಸಿನ ದಾರಿ, ಹಿಂದೆ ಕೂತು ಬರ್ತೀನಿ. ಅಷ್ಟು ವರ್ಷ ಓಡಾಡಿ ಸಂಪಾದಿಸಿದ್ದು."

"ಸಂಪಾದಿಸಿದವನು ನಾನೇ ತಾನೆ?" ಎಂದೆ ಅವಳಿಗೆ. ಅವನಿಗೆ, "ತೆಗೀರಿ" ಎಂದೆ.

"ಸರ್, ಒಮ್ಮೆ ತೆಗೆದ್ರೆ—"

"ತೆಗೀರಿ ಅಂದೆನಲ್ಲ. ಬರೀರಿ ಅವರ ಹೆಸರು."

ತೆಗೆದ. ಹಿಂದಿನಿಂದ ಯಾರೋ "ಅಬ್ಬಾ, ಮುಗೀತಾ?" ಎಂದರು. ತಿರುಗಿ, "ಮುಗೀತು, ಬನ್ನಿ" ಎಂದೆ.

ಕಿಟಕಿಗೆ ಅವಳನ್ನು ಕೂರಿಸಿ ನಡುವೆ ನಾನು ಕೂತೆ. ವಿಮಾನ ಮೇಲೇಳುವಾಗ ಅವಳು ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಇನ್ನೂ ಇದೆ. "ಹೋಗುವಾಗ ನೀನು ಯಾರ ಕೈ ಹಿಡ್ಕೊಂಡಿದ್ದೆ?" ಎಂದು ಕೇಳಿದೆ. "ಪಕ್ಕದಲ್ಲಿದ್ದ ಅಜ್ಜಿದು. ಪಾಪ, ಅವರೂ ನನ್ನದೇ ಹಿಡ್ಕೊಂಡಿದ್ರು" ಎಂದಳು.

ದಾರಿಯುದ್ದಕ್ಕೂ ಮಾತಾಡಿದಳು. ಕೆಳಗೆ ಕಂಡ ಪ್ರತಿ ನದಿಯೂ ಯಾವುದು ಎಂದು ಕೇಳಿದಳು. ನನಗೆ ಒಂದೂ ಗೊತ್ತಿರಲಿಲ್ಲ, ಎಲ್ಲಕ್ಕೂ ಒಂದೊಂದು ಹೆಸರು ಹೇಳಿದೆ.

ಡಿಸೆಂಬರ್ 31, ಬುಧವಾರ

ಸಂದೇಶ ಬಂತು. ನಾಳೆಯಿಂದ ಕಾರ್ಡು ಇಲ್ಲ. "ನಿಮ್ಮನ್ನು ಮತ್ತೆ ಮೇಲಿನ ಶ್ರೇಣಿಯಲ್ಲಿ ಕಾಣಲು ಕಾತರರಾಗಿದ್ದೇವೆ" ಎಂದು ಬರೆದಿದ್ದಾರೆ. ಇರಲಿ, ಕಾಯುತ್ತಿರಲಿ.

ಜನವರಿ 6, ಮಂಗಳವಾರ

ಗಣಿಯ ಬೆಲ್ಟು ಮತ್ತೆ ಹರಿಯಿತು, ಮೀಸೆ ಹಾಕಿದ ಜೋಡಣೆಗಿಂತ ಮೂರು ಮಾರು ಆಚೆ. ಮೀಸೆಯ ತಪ್ಪಲ್ಲ, ಹಳೆಯ ಬೆಲ್ಟು. ಮಾಲೀಕರು, "ಧೈರ್ಯ ಬಂದಿದೆ ಅಂದ್ಯಲ್ಲ, ಹೋಗು" ಎಂದರು.

ಕೆಲಸ ಚೆನ್ನಾಗಿ ಕೂತಿತು. ವಾಪಸ್ಸು ಬರುವಾಗ ವಿಮಾನ ಕಿಕ್ಕಿರಿದಿತ್ತು. ಇಪ್ಪತ್ತೆಂಟನೇ ಸಾಲು, ನಡುವೆ. ಕಿಟಕಿಗೆ ಒಬ್ಬ ಕೋಟಿನವನು, ಈ ಕಡೆ ಫೈಲುಗಳ ರಾಶಿ ಇಟ್ಟುಕೊಂಡ ಒಬ್ಬ ಹೆಂಗಸು. ಕೂತು ಸ್ವಲ್ಪ ಹೊತ್ತಿಗೆ ಕೋಟಿನವನ ಮೂಗು ಆಡತೊಡಗಿತು. ಅತ್ತ ನೋಡಿದ, ಇತ್ತ ನೋಡಿದ, ತಲೆಯ ಮೇಲಿನ ಗಾಳಿಯ ಕಿಂಡಿಯನ್ನು ತಿರುಗಿಸಿದ.

"ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಎಂದ. ವಿಮಾನದಲ್ಲಿ ಅಂಥ ಮಾತು ಆಡಬಾರದು. ನನ್ನಂಥವನಿಗೆ ಗೊತ್ತು ಅದನ್ನು ಕೇಳಿದರೆ ಏನಾಗುತ್ತದೆಂದು.

"ವಿಮಾನ ಅಲ್ಲ, ನಾನು" ಎಂದೆ. "ರಬ್ಬರು. ಬೆಲ್ಟು ಬೇಯಿಸಿ ಬಂದಿದ್ದೀನಿ. ಇಳಿಯೋವರೆಗೂ ಇರುತ್ತೆ."

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕಾದೆ. ಫೈಲಿನ ಹೆಂಗಸು ತಲೆಯೆತ್ತದೆ, "ನಮ್ಮ ಮನೆ ಪಕ್ಕ ಟೈರ್ ಅಂಗಡಿ ಇತ್ತು" ಎಂದಳು. ಅಷ್ಟೇ. ಅವನು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದ.

ಆಮೇಲೆ ನನಗೆ ನಿದ್ದೆ ಬಂದುಬಿಟ್ಟಿತು. ಚಕ್ರ ನೆಲಕ್ಕೆ ತಾಗಿದಾಗ ಎಚ್ಚರವಾಯಿತು. ನೋಡಿದರೆ ಎಡಗಡೆಯ ಕೈಯಾಸರೆಯ ಮೇಲೆ ನನ್ನ ಎಡ ಮೊಣಕೈ, ಬಲಗಡೆಯದರ ಮೇಲೆ ಬಲ ಮೊಣಕೈ. ಪಕ್ಕದವರಿಬ್ಬರೂ ತಮ್ಮ ತಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಕೇಳಿದ್ದರೆ ಒಂದನ್ನು ಬಿಟ್ಟುಕೊಡುತ್ತಿದ್ದೆ. ಅವರು ಕೇಳಲಿಲ್ಲ.